ಮೂರು ಸಾವಿರ ಎಕರೆಯ ಜಮಾ-ಖರ್ಚು

ನಮ್ಮವರಿಗೇ ತುಂಡು ಭೂಮಿ ಇಲ್ಲದಿರುವಾಗ ಹೊರಗಿನವರಿಗೆ ಏಕೆ? ನಿರಾಶ್ರಿತರು ಬಂದ ಕಡೆಯಲ್ಲೆಲ್ಲ ಏಳುವ ಪ್ರಶ್ನೆ ಇದು. ಟಿಬೆಟಿಯನ್ನರಿಗೆ ಅತಿ ಹೆಚ್ಚು ನೆಲೆ ಕೊಟ್ಟ ರಾಜ್ಯಗಳಲ್ಲಿ ಕರ್ನಾಟಕ ಮುಂದಿದೆ. ಹಾಗಾಗಿ ಉತ್ತರವನ್ನು ಅಂಕಿಗಳಲ್ಲೇ ಹುಡುಕಬಹುದು.

ಕೊಟ್ಟದ್ದು
1960-61ರಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಗುತ್ತಿಗೆಗೆ ಬಿಟ್ಟುಕೊಟ್ಟದ್ದು ಸುಮಾರು 3,000 ಎಕರೆ ಕಾಡುಭೂಮಿ. ಅಂದರೆ 12 ಚದರ ಕಿ.ಮೀ.; ಉದ್ದಗಲ ತಲಾ ಮೂರೂವರೆ ಕಿ.ಮೀ. ಅಲ್ಲಿಗೆ ಬಂದ ಜನವೂ ಸುಮಾರು 3,000, ತಲೆಗೊಂದು ಎಕರೆ. 1966ರಲ್ಲಿ ಮುಂಡಗೋಡಿನಲ್ಲಿ ಸುಮಾರು 4,000 ಎಕರೆ ಸೇರಿತು. ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಇವೆಲ್ಲ ಗುತ್ತಿಗೆಯ ನೆಲ, ಮಾರುವ ಹಕ್ಕಿಲ್ಲ. ಸಂಸಾರ ಬೆಳೆದರೂ ಎಕರೆ ಬೆಳೆಯಲಿಲ್ಲ.

ಸರ್ಕಾರದ ಖರ್ಚು
2014ರ ಟಿಬೆಟಿಯನ್ ಪುನರ್ವಸತಿ ನೀತಿಯ ನಂತರ ಕೇಂದ್ರ ಸರ್ಕಾರ ದೇಶದ 36 ಟಿಬೆಟಿಯನ್ ನೆಲೆಗಳ ಕಚೇರಿಗಳಿಗೆ 5 ವರ್ಷಕ್ಕೆ 40 ಕೋಟಿ ರೂ. ಮಂಜೂರು ಮಾಡಿತು. ಕಚೇರಿಯೊಂದಕ್ಕೆ ವರ್ಷಕ್ಕೆ ಸರಾಸರಿ 22 ಲಕ್ಷ. ಆಗಿನ ಲೆಕ್ಕದ 1,10,095 ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 727 ರೂ.

ಜನ
ಆ 1,10,095ರ ಲೆಕ್ಕದಲ್ಲಿ ಕರ್ನಾಟಕದ ಪಾಲು 44,468. ಗೃಹ ಸಚಿವಾಲಯದ ನಂತರದ ವಾರ್ಷಿಕ ವರದಿಗಳಲ್ಲಿ ಅದು 21,324. ಅರ್ಧಕ್ಕೂ ಕಡಿಮೆ. ವಿದೇಶಕ್ಕೆ ಹೋಗುವ ಯುವಕರೇ ಇದಕ್ಕೆ ದೊಡ್ಡ ಕಾರಣ.

ಬಂದದ್ದು
ಚಳಿಗಾಲಕ್ಕೆ ಸ್ವೆಟರ್ ಮಾರಲು ಟಿಬೆಟಿಯನ್ ಕ್ಯಾಂಪಿನವರು ಊರೂರಿಗೆ ಹೊರಟರೆ ಹೊಲದ ಕೆಲಸ ಸುತ್ತಲಿನ ಕನ್ನಡ ಕೂಲಿಕಾರರ ಕೈಗೆ. ಬೈಲಕುಪ್ಪೆಯ ಚಿನ್ನದ ಗುಡಿಗೆ ಬರುವ ಪ್ರವಾಸಿಗರಿಂದ ಕುಶಾಲನಗರದ ಆಟೊ, ಹೋಟೆಲುಗಳಿಗೆ ವ್ಯಾಪಾರ. ಕ್ಯಾಂಪಿನ ಆಸ್ಪತ್ರೆಯಲ್ಲಿ ಸ್ಥಳೀಯರಿಗೂ ಚಿಕಿತ್ಸೆ.

ಎಲ್ಲಕ್ಕಿಂತ ದೊಡ್ಡ ಜಮೆ ಬೇರೆಯೇ ಇದೆ. ಟಿಬೆಟಿಯನ್ನರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ, ಆ ಕೆಲಸ ಮುಗಿಯುತ್ತ ಬಂದಂತೆ ಸ್ಥಳೀಯ ಬಡವರ ಕಡೆ ತಿರುಗಿತು. 1986-87ರ ಹೊತ್ತಿಗೆ ಅದರ ಯೋಜನೆಗಳಲ್ಲಿ ಸುಮಾರು 300 ಉಳಿತಾಯ ಗುಂಪುಗಳಿದ್ದವು. 1987ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂ. ಕೊಟ್ಟಿತು, 1992ರಲ್ಲಿ 500 ಗುಂಪುಗಳ ಗುರಿಯೊಂದಿಗೆ ಇಂಥ ಗುಂಪುಗಳನ್ನು ಬ್ಯಾಂಕ್ ಸಾಲಕ್ಕೆ ಜೋಡಿಸುವ ಕೆಲಸ ದೇಶದಲ್ಲಿ ಶುರುವಾಯಿತು. ಇಂದು ಕಡೂರು, ಸಖರಾಯಪಟ್ಟಣದಂಥ ಊರುಗಳ ಹೆಂಗಸರು ಅಡಮಾನವಿಲ್ಲದೆ ಪಡೆಯುವ ಸಂಘದ ಸಾಲದ ಬೇರು ಆ ಟಿಬೆಟಿಯನ್ ಪುನರ್ವಸತಿಯಲ್ಲಿಯೂ ಇದೆ.

ಭೂಮಿ ಇಲ್ಲದವನ ಪ್ರಶ್ನೆ ಇದರಿಂದ ಸುಳ್ಳಾಗುವುದಿಲ್ಲ. ಅವನಿಗೆ ಎಕರೆ ಸಿಗಲಿಲ್ಲವೆಂಬುದು ನಿಜ. ಆದರೆ ಅದರ ಬಾಕಿ ಭೂಸುಧಾರಣೆಯ ಖಾತೆಯಲ್ಲಿದೆ, ಬೈಲಕುಪ್ಪೆಯ ಖಾತೆಯಲ್ಲಲ್ಲ.