ಪರೇಲಿನಲ್ಲಿ ಸಿಕ್ಕ ಸೊಪ್ಪಿನ ಸತ್ವ

ವಿಕ್ರೋಳಿ ಸ್ಟೇಷನ್ನಿನ ಹೊರಗೆ ಸಂಜೆ ಸೊಪ್ಪು ಕೊಳ್ಳುತ್ತಿದ್ದೆವು. ಜೊತೆಯಲ್ಲಿದ್ದವಳು ನಮ್ಮ ಪಕ್ಕದ ಮನೆಯ ಸೊಸೆ, ಮೂರು ತಿಂಗಳ ಬಸುರಿ. ಪಾಲಕ್ ಕಟ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು: "ಅಕ್ಕಾ, ಡಾಕ್ಟರು ಫೋಲಿಕ್ ಆಸಿಡ್ ಮಾತ್ರೆ ಬರೆದಿದ್ದಾರೆ. ಆಸಿಡ್ ಅಂದ್ರೆ ಮಗೂಗೆ ಏನೂ ಆಗಲ್ವಾ?" ಆ ಭಯಕ್ಕೆ ಮಾತ್ರೆಯ ಪಟ್ಟಿಯನ್ನು ಒಡೆಯದೆ ಹಾಗೇ ಇಟ್ಟಿದ್ದಳಂತೆ.

ಆ ಹೆಸರಿಗೆ ಹೆದರಬೇಕಿಲ್ಲ. ಲ್ಯಾಟಿನ್ನಿನಲ್ಲಿ 'ಫೋಲಿಯಂ' ಎಂದರೆ ಎಲೆ. ಫೋಲಿಕ್ ಎಂಬ ಹೆಸರು ಬಂದದ್ದು ಅಲ್ಲಿಂದ. 1941ರಲ್ಲಿ ಅಮೆರಿಕದ ಟೆಕ್ಸಸ್‌ನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸೋಸಿ ಸೋಸಿ ಈ ವಸ್ತುವನ್ನು ಚೂರೇ ಚೂರು ಬೇರ್ಪಡಿಸಿ ಹೆಸರಿಟ್ಟರು. ಅವಳ ಚೀಲದಲ್ಲಿದ್ದ ಪಾಲಕ್ಕಿನಲ್ಲಿಯೂ ಇರುವುದು ಅದೇ ಸತ್ವ.

ಆದರೆ ಅದರ ಕಥೆ ಶುರುವಾದದ್ದು ಇಲ್ಲಿಯೇ, ವಿಕ್ರೋಳಿಯಿಂದ ಲೋಕಲ್ ಹತ್ತಿದರೆ ದಾದರ್ ಆದ ಮೇಲೆ ಬರುವ ಪರೇಲಿನಲ್ಲಿ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರು ಬಸುರಿಯಾದಾಗ ಬಿಳಿಚಿಕೊಂಡು, ಏದುಸಿರು ಬಿಡುತ್ತಾ ಆಸ್ಪತ್ರೆ ಸೇರುತ್ತಿದ್ದರು. ಎಷ್ಟೋ ಮಂದಿ ಸಾಯುತ್ತಿದ್ದರು. ಕಾರಣ ಹುಡುಕಲು 1928ರಲ್ಲಿ ಇಂಗ್ಲೆಂಡಿನಿಂದ ವೈದ್ಯೆ ಲೂಸಿ ವಿಲ್ಸ್ ಬಂದು ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸಕ್ಕೆ ಕೂತರು. ಸೂಕ್ಷ್ಮದರ್ಶಕದಲ್ಲಿ ಅವರಿಗೆ ಕಂಡ ಕೆಂಪು ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಕಬ್ಬಿಣದ ಕೊರತೆಯಾಗಿದ್ದರೆ ಕಣಗಳು ಚಿಕ್ಕದಾಗಬೇಕಿತ್ತು. ಹಾಗಾದರೆ ಇದು ಬೇರೆಯೇ ಕೊರತೆ.

ಆ ಹೆಂಗಸರು ಏನು ಉಣ್ಣುತ್ತಾರೆ ಎಂದು ವಿಲ್ಸ್ ನೋಡಿದರು. ಹಣ್ಣು, ತರಕಾರಿ ಅಪರೂಪವಾಗಿದ್ದ ಊಟ. ಅಂಥದ್ದೇ ಆಹಾರವನ್ನು ಇಲಿಗಳಿಗೆ, ಮುಂದೆ ಕೋತಿಗಳಿಗೂ ಕೊಟ್ಟು ಪರೀಕ್ಷಿಸಿದರು. ಕೊನೆಗೆ ಗುಣ ಕೊಟ್ಟದ್ದು ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡಿದ, ಬ್ರೆಡ್ಡಿಗೆ ಸವರಿ ತಿನ್ನುವ ಅಗ್ಗದ ಮಾರ್ಮೈಟ್! ಅದನ್ನು ತಿಂದ ಬಸುರಿಯರು ಚೇತರಿಸಿಕೊಂಡರು. 1931ರಲ್ಲಿ ಇದು ಪ್ರಕಟವಾಯಿತು. ಅದರೊಳಗಿನ ವಸ್ತು ಏನೆಂದು ತಿಳಿಯದೆ ಜಗತ್ತು ಅದನ್ನು 'ವಿಲ್ಸ್ ಫ್ಯಾಕ್ಟರ್' ಎಂದು ಕರೆಯಿತು. ಅದೇ ಈ ಫೋಲಿಕ್ ಆಸಿಡ್. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದಾಗ ಸಂಶೋಧನೆಯ ನೇತೃತ್ವ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರದಾಗಿತ್ತು.

ಒಂದು ಜೀವಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯ ನಕಲು ತೆಗೆಯಬೇಕು. ಆ ಕೆಲಸಕ್ಕೆ ಫೋಲೇಟ್, ಅಂದರೆ ಆಹಾರದಲ್ಲಿರುವ ಇದೇ ಸತ್ವ, ಬೇಕೇ ಬೇಕು. ಸಿಗದಿದ್ದರೆ ಕೋಶ ಬೆಳೆದು ದಪ್ಪಗಾಗುತ್ತದೆ, ಎರಡಾಗುವುದಿಲ್ಲ. ವಿಲ್ಸ್ ಕಂಡ ದೊಡ್ಡ ಕಣಗಳ ಗುಟ್ಟು ಇದೇ. ಬಸುರಿನಲ್ಲಂತೂ ಕೋಶಗಳು ಹಗಲಿರುಳು ಒಡೆದು ಹೆಚ್ಚುತ್ತಿರುತ್ತವೆ. ಮಗುವಿನ ಮೆದುಳು, ಬೆನ್ನುಹುರಿಗಳಾಗುವ ನರನಾಳ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಅಷ್ಟು ಹೊತ್ತಿಗೆ ತಾಯಿಯ ಮುಟ್ಟು ತಪ್ಪಿ ಎರಡೇ ವಾರ ಆಗಿರುತ್ತದೆ, ಎಷ್ಟೋ ಜನರಿಗೆ ಬಸುರಿ ಎಂದೇ ಗೊತ್ತಿರುವುದಿಲ್ಲ. ಹಿಂದೆ ನರನಾಳ ಸರಿಯಾಗಿ ಮುಚ್ಚದ ದೋಷವಿದ್ದ ಮಗುವನ್ನು ಹೊತ್ತಿದ್ದ ತಾಯಂದಿರ ಮೇಲೆ ಏಳು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 1991ರಲ್ಲಿ ಬಂತು: ಫೋಲಿಕ್ ಆಸಿಡ್ ಮೊದಲೇ ತೆಗೆದುಕೊಂಡವರಲ್ಲಿ ಆ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತ್ತು.

ಸರ್ಕಾರಿ ಆಸ್ಪತ್ರೆಯ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಅದು ನಾಲ್ಕನೇ ತಿಂಗಳಿಂದ ಶುರುವಾಗಿ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ತಾಯಿಯ ರಕ್ತಕ್ಕೆ ಅದು ಆಧಾರ. ಆದರೆ ನರನಾಳದ ಗಳಿಗೆ ಆಗಲೇ ಮುಗಿದಿರುತ್ತದೆ. ನನ್ನನ್ನು ಕಾಡುವ ಸಂಗತಿ ಇದು.

ಬಾಣಂತಿಯ ಮಾತ್ರೆಯನ್ನು ಅರ್ಧಕ್ಕೆ ಬಿಡುವುದೂ ತಪ್ಪು. ತಾಯಿಯಲ್ಲಿ ಫೋಲೇಟ್ ಕಡಿಮೆಯಾದರೂ ಎದೆಹಾಲಿನಲ್ಲಿ ಅದು ಸುಲಭಕ್ಕೆ ತಗ್ಗುವುದಿಲ್ಲ. ದೇಹ ತನ್ನ ದಾಸ್ತಾನಿನಿಂದ ತೆಗೆದು ಮಗುವಿಗೆ ಕೊಡುತ್ತದೆ, ಬರಿದಾಗುವವಳು ತಾಯಿ. ಆಡಿನ ಹಾಲಿನಲ್ಲಾದರೋ ಫೋಲೇಟ್ ತೀರ ಕಡಿಮೆ. ಹಸುಗೂಸಿಗೆ ಅದು ಎದೆಹಾಲಿನ ಬದಲಿಯಲ್ಲ.

ಊಟದಲ್ಲಿ ಸೊಪ್ಪು, ಹೆಸರುಕಾಳು, ಅಲಸಂದೆ, ಕಡಲೆ ಇರಲಿ. ಫೋಲೇಟ್ ನೀರಿಗೆ ಇಳಿಯುವ ವಸ್ತು, ಸೊಪ್ಪು ಬೇಯಿಸಿ ಬಸಿದ ನೀರನ್ನು ಚೆಲ್ಲಿದರೆ ಅದರ ಜೊತೆ ಹೋಗುತ್ತದೆ. ಮೈಸೂರು ಸೀಮೆಯ ಅಜ್ಜಿಯಂದಿರ ಬಸ್ಸಾರು ಇಲ್ಲಿ ನನಗೆ ಬಲು ದೊಡ್ಡದಾಗಿ ಕಾಣುತ್ತದೆ: ಸೊಪ್ಪು ಪಲ್ಯಕ್ಕೆ, ಬಸಿದ ಕಟ್ಟು ಸಾರಿಗೆ, ಚೆಲ್ಲುವ ಮಾತೇ ಇಲ್ಲ. ಆದರೂ ಬಸುರಿಗೆ ಬೇಕಾದಷ್ಟು ಊಟದಿಂದಲೇ ಸಿಗುವುದು ಕಷ್ಟ, ಮಾತ್ರೆ ಬೇಕು. ಶುದ್ಧ ಸಸ್ಯಾಹಾರಿಗಳು ಬಿ12 ಮಟ್ಟವನ್ನೂ ನೋಡಿಸಿಕೊಳ್ಳಬೇಕು. ಅದರ ಕೊರತೆಯಿದ್ದಾಗ ಫೋಲಿಕ್ ಆಸಿಡ್ ಒಂದೇ ಕೊಟ್ಟರೆ ರಕ್ತ ಸರಿಯಾದಂತೆ ಕಂಡರೂ ನರಗಳಿಗೆ ಹಾನಿ ಮುಂದುವರಿಯಬಹುದು.

ಪಕ್ಕದ ಮನೆಯ ಹುಡುಗಿ ಅಂದು ರಾತ್ರಿಯೇ ಮಾತ್ರೆ ಶುರುಮಾಡಿದಳು. ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ಮಗು ಬೇಕೆಂದು ಮನಸ್ಸು ಮಾಡಿದ್ದರೆ ಮುಟ್ಟು ನಿಲ್ಲುವ ತನಕ ಕಾಯಬೇಡಿ. ಕನಿಷ್ಠ ಒಂದು ತಿಂಗಳು ಮೊದಲೇ, ಡಾಕ್ಟರನ್ನು ಕೇಳಿ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುಮಾಡಿಸಿ.