ನಿಮಗಿದು ಗೊತ್ತೆ? ಹಾರ್ಡಿ ಸಹೋದರರ ‘ಡಿಲೀಟ್’ ಕೂಗು

ಪ್ರೊ ಕುಸ್ತಿಯಲ್ಲಿ ಸೋಲು–ಗೆಲುವು ಮೊದಲೇ ನಿಗದಿ. ಆದರೆ ಪ್ರೇಕ್ಷಕರ ಕೂಗನ್ನು ಯಾರೂ ನಿಗದಿಪಡಿಸಲಾರರು. ಅದಕ್ಕೆ ಅಮೆರಿಕದ ಮ್ಯಾಟ್ ಮತ್ತು ಜೆಫ್ ಹಾರ್ಡಿ ಸಹೋದರರೇ ಸಾಕ್ಷಿ.

* ನಾರ್ತ್ ಕೆರೊಲಿನಾದ ಕ್ಯಾಮೆರಾನ್ ಎಂಬ ಪುಟ್ಟ ಊರಿನ ಇವರು ಹುಡುಗರಾಗಿದ್ದಾಗ ಟ್ರ್ಯಾಂಪೊಲಿನ್ ಮೇಲೆ ಕುಸ್ತಿ ಆಡುತ್ತಿದ್ದರು.

* 1999ರಲ್ಲಿ ಎಡ್ಜ್–ಕ್ರಿಶ್ಚಿಯನ್ ಜೋಡಿಯ ಎದುರು ಆಡಿದ ಏಣಿ ಪಂದ್ಯ (ಏಣಿ ಹತ್ತಿ ಮೇಲೆ ತೂಗುಹಾಕಿದ್ದನ್ನು ಪಡೆಯುವ ಪಂದ್ಯ) ಇವರನ್ನು ತಾರೆಯರನ್ನಾಗಿಸಿತು.

* 2016ರಲ್ಲಿ ಟಿಎನ್‌ಎ ಕುಸ್ತಿ ಸಂಸ್ಥೆಯಲ್ಲಿದ್ದಾಗ ಮ್ಯಾಟ್ ಆರಂಭಿಸಿದ ‘ಡಿಲೀಟ್’ ಘೋಷಣೆಯನ್ನು ಅಭಿಮಾನಿಗಳು ಎದುರಾಳಿ ಸಂಸ್ಥೆ ಡಬ್ಲ್ಯುಡಬ್ಲ್ಯುಇ ಪಂದ್ಯಗಳಲ್ಲೂ ಕೂಗತೊಡಗಿದರು.

* 2017ರ ಏಪ್ರಿಲ್ 2ರಂದು ಒರ್ಲಾಂಡೊದಲ್ಲಿ ನಡೆದ ಡಬ್ಲ್ಯುಡಬ್ಲ್ಯುಇಯ ರೆಸಲ್‌ಮೇನಿಯಾ ಕೂಟಕ್ಕೆ ಅನಿರೀಕ್ಷಿತವಾಗಿ ಮರಳಿದ ಸಹೋದರರು ಅದೇ ರಾತ್ರಿ ಏಣಿ ಪಂದ್ಯದಲ್ಲಿ ಟ್ಯಾಗ್ ಟೀಮ್ ಪ್ರಶಸ್ತಿ ಗೆದ್ದರು. ಆಗ ಮ್ಯಾಟ್‌ಗೆ 42, ಜೆಫ್‌ಗೆ 39 ವರ್ಷ!