ಫೇವರಿಟ್ ಅನಿಮೆ ನೂರಿದ್ರೆ ನಂಬರ್ ಒನ್ ಯಾವುದು? ಪಟ್ಟಿ ಮಾಡೋಕೂ ಒಂದು ಲೆಕ್ಕ ಇದೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಅನಿಮೆ ನೋಡೋರನ್ನ 'ನಿನ್ನ ಟಾಪ್ ಟೆನ್ ಹೇಳು' ಅಂತ ಕೇಳಿ ನೋಡಿ. ಮೊದಲ ಮೂರು ಹೆಸರು ಪಟಪಟ ಅಂತ ಬರುತ್ತೆ. ನಾಲ್ಕನೇದಕ್ಕೆ ತಡವರಿಸ್ತಾರೆ. ಏಳನೇದಕ್ಕೆ ಬರುವಷ್ಟರಲ್ಲಿ ಮೊದಲ ಮೂರೇ ಬದಲಾಗಿರುತ್ತೆ! ಇವತ್ತು ಇದರ ಬಗ್ಗೆನೇ ಮಾತಾಡೋಣ. ಸ್ಪಾಯ್ಲರ್ ಇಲ್ಲ, ಧೈರ್ಯವಾಗಿ ಕೇಳಿ.

ಎಲ್ಲದಕ್ಕೂ ಎಂಟೇ ಯಾಕೆ?

ಮೈ ಅನಿಮೆ ಲಿಸ್ಟ್‌ನಂಥ ತಾಣಗಳಲ್ಲಿ 1ರಿಂದ 10ರವರೆಗೆ ಅಂಕ ಕೊಡಬಹುದು. ಆದ್ರೆ ಇಷ್ಟವಾದ ಸರಣಿಗಳನ್ನಷ್ಟೇ ಇಟ್ಟುಕೊಂಡಾಗ ಕೆಳಗಿನ ಅಂಕಗಳಿಗೆ ಕೆಲಸವೇ ಇರಲ್ಲ. ಎಲ್ಲವೂ 8, 9ರ ಸುತ್ತ ಗುಂಪುಗೂಡುತ್ತೆ. ನಲವತ್ತು ಸರಣಿಗೆ 8 ಕೊಟ್ಟಿದ್ರೆ, ಆ ನಲವತ್ತರಲ್ಲಿ ಯಾವುದು ಮೇಲೆ ಅನ್ನೋದನ್ನ ಅಂಕ ಹೇಳಲ್ಲ.

ಇದಕ್ಕೆ ಸುಲಭ ದಾರಿ ಅಂದ್ರೆ ಎರಡನ್ನ ಪಕ್ಕಪಕ್ಕ ಇಟ್ಟು ಹೋಲಿಸೋದು. 'ಡೆತ್ ನೋಟ್‌ಗೆ ಎಷ್ಟು ಅಂಕ?' ಅಂದ್ರೆ ಯೋಚನೆ ಮಾಡಬೇಕು. 'ಡೆತ್ ನೋಟ್ ಮೇಲಾ, ಸ್ಟೈನ್ಸ್ ಗೇಟ್ ಮೇಲಾ?' ಅಂದ್ರೆ ಮನಸ್ಸು ತಕ್ಷಣ ಒಂದು ಕಡೆ ವಾಲುತ್ತೆ.

ನೂರು ಸರಣಿ ಇದ್ರೆ ಒಟ್ಟು 4,950 ಜೋಡಿ ಆಗುತ್ತೆ. ಹೆದರಬೇಡಿ, ಎಲ್ಲಾ ಜೋಡಿ ಹೋಲಿಸಬೇಕಾಗಿಲ್ಲ. ನಿಘಂಟಿನಲ್ಲಿ ಪದ ಹುಡುಕೋ ಥರ ಮಾಡಿ. ಹೊಸ ಸರಣಿಯನ್ನ ಮೊದಲು ಪಟ್ಟಿಯ ಮಧ್ಯದಲ್ಲಿರೋದರ ಜೊತೆ ಹೋಲಿಸಿ. ಮೇಲು ಅನಿಸಿದ್ರೆ ಮೇಲಿನ ಅರ್ಧದ ಮಧ್ಯಕ್ಕೆ ಹೋಗಿ, ಇಲ್ಲಾಂದ್ರೆ ಕೆಳಗಿನ ಅರ್ಧಕ್ಕೆ. ಹೀಗೆ ಅರ್ಧ ಅರ್ಧ ಮಾಡ್ತಾ ಹೋದ್ರೆ 99 ಸರಣಿಗಳ ಪಟ್ಟಿಯಲ್ಲಿ ನೂರನೇದರ ಜಾಗ ಹೆಚ್ಚೆಂದರೆ 7 ಹೋಲಿಕೆಯಲ್ಲಿ ಸಿಗುತ್ತೆ. ಪೂರ್ತಿ ನೂರರ ಪಟ್ಟಿಗೆ 573 ಹೋಲಿಕೆ ಸಾಕು. ಬಸ್ಸಲ್ಲಿ ಕೂತು ದಿನಕ್ಕೆ ಇಪ್ಪತ್ತು ಮಾಡಿದ್ರೆ ಒಂದು ತಿಂಗಳ ಕೆಲಸ.

ನೆನಪು ಪೂರ್ತಿ ಲೆಕ್ಕ ಇಡಲ್ಲ

ಆದ್ರೆ ನಾವು ಹೋಲಿಸ್ತಿರೋದು ಸರಣಿಗಳನ್ನಾ, ಅವುಗಳ ನೆನಪನ್ನಾ? ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಜನರ ಕೈಯನ್ನ ತಣ್ಣೀರಲ್ಲಿ ಇಡಿಸಿದ್ರು. ಒಂದು ಸಲ 60 ಸೆಕೆಂಡ್. ಇನ್ನೊಂದು ಸಲ ಅದೇ 60 ಸೆಕೆಂಡ್, ಮೇಲೆ ಇನ್ನೂ 30 ಸೆಕೆಂಡ್, ಆದ್ರೆ ಆ ಕೊನೆಯ ಭಾಗದಲ್ಲಿ ನೀರಿನ ತಣ್ಪು ಸ್ವಲ್ಪ ಕಡಿಮೆ. 'ಯಾವುದನ್ನ ಮತ್ತೆ ಮಾಡ್ತೀರಿ?' ಅಂದಾಗ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನೇ! ಕಾರಣ ಏನಂದ್ರೆ, ಒಂದು ಅನುಭವದ ತೀವ್ರ ಕ್ಷಣ ಮತ್ತು ಕೊನೆ ಮನಸ್ಸಲ್ಲಿ ಉಳಿಯುತ್ತೆ. ಎಷ್ಟು ಹೊತ್ತು ನಡೀತು ಅನ್ನೋದು ಅಷ್ಟಾಗಿ ಉಳಿಯಲ್ಲ.

ಅನಿಮೆಗೂ ಇದನ್ನ ಹೊಂದಿಸಿ ನೋಡಿ. 1995ರ 'ನಿಯಾನ್ ಜೆನೆಸಿಸ್ ಇವಾಂಜೆಲಿಯನ್' ಸರಣಿಯ ಕೊನೇ ಎರಡು ಸಂಚಿಕೆ ಎಷ್ಟೋ ಜನರನ್ನ ಗೊಂದಲಕ್ಕೆ ತಳ್ಳಿತು. 1997ರಲ್ಲಿ ಬೇರೆ ಮುಕ್ತಾಯದ ಸಿನಿಮಾ ಬಂತು. ಆ ಎರಡು ಸಂಚಿಕೆಯ ಬೇಸರದಲ್ಲಿ ಮೊದಲ 24ನ್ನೂ ಕೆಳಗೆ ಹಾಕಿದ್ದೀರಾ? ಹಾಗಿದ್ರೆ ಅದು ಮತ್ತೆ ನೋಡಬೇಕಾದ ಸರಣಿ.

ನೆನಪಿನ ಇನ್ನೊಂದು ಆಟ ಬಾಲ್ಯದ್ದು. ಅನಿಮೆ ಅನ್ನೋ ಪದ ಗೊತ್ತಾಗೋ ಮುಂಚೆನೇ ನಮ್ಮಲ್ಲಿ ಎಷ್ಟೋ ಮಂದಿ ಡೋರೆಮಾನ್, ಶಿನ್‌ಚಾನ್ ನೋಡಿದ್ದಾಗಿತ್ತು, ಅದೂ ಹಿಂದಿ ಡಬ್ಬಿಂಗ್‌ನಲ್ಲಿ. ಆ ಪ್ರೀತಿಯಲ್ಲಿ ಸ್ಕೂಲಿಂದ ಬಂದ ಸಂಜೆಯೂ ಸೇರಿದೆ. ಅದನ್ನ ಪಟ್ಟಿಯಿಂದ ತೆಗೀಬೇಕಾಗಿಲ್ಲ. 'ಅತ್ಯುತ್ತಮ' ಒಂದು ಪಟ್ಟಿ, 'ನನ್ನ ಪ್ರೀತಿಯದ್ದು' ಇನ್ನೊಂದು ಪಟ್ಟಿ ಅಂತ ಬೇರೆ ಮಾಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಎಲ್ಲವನ್ನೂ ಮತ್ತೆ ನೋಡೋಕಾಗುತ್ತಾ?

ಸಂಚಿಕೆಗೆ 24 ನಿಮಿಷ ಅಂತ ಹಿಡಿಯಿರಿ. 'ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್' 64 ಸಂಚಿಕೆ, ಅಂದ್ರೆ ಇಪ್ಪತ್ತೈದೂವರೆ ಗಂಟೆಗೂ ಹೆಚ್ಚು. ನೂರು ಸರಣಿ, ತಲಾ 24 ಸಂಚಿಕೆ ಅಂದ್ರೆ 960 ಗಂಟೆ. ದಿನಕ್ಕೆ ಎರಡೆರಡು ಸಂಚಿಕೆ ನೋಡಿದ್ರೂ 1,200 ದಿನ, ಮೂರು ವರ್ಷ ದಾಟುತ್ತೆ. ಅಷ್ಟೂ ದಿನ ಹೊಸದೊಂದನ್ನೂ ನೋಡೋ ಹಾಗಿಲ್ಲ. ಹಾಗಾಗಿ ಆರಿಸಲೇಬೇಕು.

ಮೊದಲು, ಎರಡನೇ ಸಲಕ್ಕೆ ಬೇರೆಯಾಗಿ ಕಾಣೋ ಸರಣಿಗಳು. 'ಅಟ್ಯಾಕ್ ಆನ್ ಟೈಟನ್' 2013ರಲ್ಲಿ ಶುರುವಾದಾಗ ಮೊದಲ ಸಂಚಿಕೆಯ ಹೆಸರಿನ ಅರ್ಥ 'ಎರಡು ಸಾವಿರ ವರ್ಷಗಳ ನಂತರದ ನಿನಗೆ'. 2022ರಲ್ಲಿ ಬಂದ 80ನೇ ಸಂಚಿಕೆಯ ಹೆಸರು 'ಎರಡು ಸಾವಿರ ವರ್ಷಗಳ ಹಿಂದಿನ ನಿನ್ನಿಂದ'. ಪ್ರಶ್ನೆ ಕೇಳಿ ಒಂಬತ್ತು ವರ್ಷ ಆದ್ಮೇಲೆ ಉತ್ತರ ಕೊಟ್ಟ ಹಾಗೆ. 'ಸ್ಟೈನ್ಸ್ ಗೇಟ್' ಕೂಡ ಹಾಗೇ. ಮೊದಲರ್ಧ ನಿಧಾನ ಅನಿಸಿದ್ದು, ಕಥೆ ಗೊತ್ತಿದ್ದು ನೋಡಿದ್ರೆ ಸುಳಿವುಗಳ ರಾಶಿ.

ಎರಡನೇದು, ಬಿಡಿಬಿಡಿಯಾಗಿ ನೋಡಬಹುದಾದವು. 1998ರ 'ಕೌಬಾಯ್ ಬೀಬಾಪ್', 2005ರ 'ಮುಶಿಶಿ' ಎರಡೂ 26 ಸಂಚಿಕೆಯವು. ಹೆಚ್ಚಿನ ಸಂಚಿಕೆಗಳಲ್ಲಿ ಒಂದೊಂದು ಕಥೆ ಅಲ್ಲೇ ಮುಗಿಯುತ್ತೆ. ಇಷ್ಟದ ನಾಲ್ಕು ಸಂಚಿಕೆ ನೋಡಿದ್ರೂ ಸರಣಿಯ ರುಚಿ ಮತ್ತೆ ಸಿಗುತ್ತೆ.

ಮೂರನೇದು, ಮುಟ್ಟದೇ ಬಿಡಬೇಕಾದವು. ಅಚ್ಚರಿಯ ತಿರುವೇ ಜೀವಾಳವಾಗಿದ್ದು, ಅದು ಇನ್ನೂ ಪೂರ್ತಿ ನೆನಪಿರೋ ಸರಣಿಗಳನ್ನ ಇನ್ನೊಂದೆರಡು ವರ್ಷ ಹಾಗೇ ಬಿಡಿ, ಮರೆಯೋಕೆ ಟೈಮ್ ಕೊಡಿ.

ಮತ್ತೆ ನೋಡಿದಾಗ ಹಳೇ ನಂಬರ್ ಒನ್ ಹನ್ನೆರಡಕ್ಕೆ ಇಳಿದ್ರೆ ಬೇಜಾರಾಗಬೇಡಿ. ಹದಿನೈದನೇ ವಯಸ್ಸಲ್ಲಿ ನಿಮಗೆ ಅದು ಬೇಕಿತ್ತು, ಅದು ಸಿಕ್ತು. ಹಳೇ ರ‍್ಯಾಂಕ್ ಅಳಿಸದೆ ಪಕ್ಕದಲ್ಲಿ ತಾರೀಕು ಬರೆದಿಡಿ. ಐದು ವರ್ಷ ಬಿಟ್ಟು ನೋಡಿದ್ರೆ, ನೀವು ಎಲ್ಲಿಂದ ಎಲ್ಲಿಗೆ ಬಂದ್ರಿ ಅಂತ ಆ ಪಟ್ಟಿಯೇ ಹೇಳುತ್ತೆ.

ಇವತ್ತು ರಾತ್ರಿ ಹತ್ತೇ ಹತ್ತು ಸರಣಿ ತಗೊಂಡು ಶುರು ಮಾಡಿ. ಏಳನೇದು ಯಾವುದು ಅಂತ ಈಗ ತಡವರಿಸದೇ ಹೇಳಬಹುದು.